ಮೈಕು ಕೆಟ್ಟ ಎರಡು ದಿನ

ಗೌರಿ ಹಬ್ಬಕ್ಕೆ ಇನ್ನು ಐದು ದಿನ ಇತ್ತು. ಬೆಳಿಗ್ಗೆ ಆರೂವರೆ ಇರಬಹುದು, ಹಿತ್ತಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದೆ. ಒಳಗೆ ಫೋನು ಹೊಡೆದುಕೊಂಡಿತು. ಬಾಯಿ ಮುಕ್ಕಳಿಸಿ ಓಡಿಹೋಗಿ ನೋಡಿದರೆ ಅಕ್ಕ. ನಾಲ್ಕು ವರ್ಷದಿಂದ ಆ ಹೆಸರು ಆ ಗಾಜಿನ ಮೇಲೆ ಮೂಡಿರಲಿಲ್ಲ. ಕೈ ಒದ್ದೆ. ಪಂಚೆಗೆ ಒರೆಸಿಕೊಂಡು ಹಸಿರು ಗುರುತನ್ನು ಎಳೆದೆ.

"ಹೇಳಕ್ಕ" ಅಂದೆ.

"ಹಲೋ" ಅಂದಳು.

"ಹೇಳಕ್ಕ, ನಾನೇ. ಚೆನ್ನಾಗಿದ್ದೀಯಾ?"

"ಹಲೋ... ಯಾಕ್ಲಾ, ಮಾತಾಡಾಕಿಲ್ವಾ?"

ನಾನು ಮಾತಾಡುತ್ತಲೇ ಇದ್ದೆ. ಅವಳು ಕೇಳುತ್ತಲೇ ಇರಲಿಲ್ಲ. ಜಗಲಿಗೆ ಬಂದೆ, ಬೀದಿಗೆ ಬಂದೆ, ಸಿಗ್ನಲ್ಲಿನ ದೋಷವಿರಬೇಕು ಎಂದು ಎದುರು ಮನೆಯ ಕಲ್ಲಿನ ಮೇಲೆ ಹತ್ತಿ ನಿಂತೆ. ಅವಳ ದನಿ ಮಾತ್ರ ಮಗ್ಗುಲಲ್ಲೇ ಕುಳಿತು ಮಾತಾಡುವಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು.

"ಎತ್ಕಂಡಿದ್ದೀಯ ಅಂತ ಗೊತ್ತು ಕನ್ಲಾ. ಗಂಟೆ ಹೊಡ್ಕಳದು ನಿಂತೋಯ್ತಲ್ಲ. ಮಾತಾಡ್ದಿದ್ರೆ ಬುಡು, ನಾನೇ ಹೇಳ್ತೀನಿ. ಹಬ್ಬ ಬತ್ತಾ ಅದೆ. ನಾಲ್ಕು ವರ್ಸ ಆಯ್ತು ತವರಿನ ಬಾಗಿನ ಕಂಡು. ಜಮೀನಿನ ಮಾತು ನೀವೂ ನಿಮ್ ಮಕ್ಳೂ ಆಡ್ಕಳಿ. ನಾನ್ ಕೇಳ್ತಿರೋದು ಒಂದು ಜೊತೆ ಮೊರ. ಮುಂದಿನ್ ತಿಂಗ್ಳು ಎದೆ ಆಪರೇಸನ್ನು ಅಂದವ್ರೆ. ಅದ್ಕೆ ಮುಂಚೆ ಒಂದ್ಸಲ ಮಾತಾಡವಾ ಅನ್ನುಸ್ತು."

ಸ್ವಲ್ಪ ಹೊತ್ತು ಕಾದಳು. ನಾನು ಬೀದಿಯಲ್ಲಿ ನಿಂತು "ಅಕ್ಕಾ, ಅಕ್ಕಾ" ಎಂದು ಕೂಗುತ್ತಿದ್ದೆ. ಡೈರಿಗೆ ಹಾಲು ಹಾಕಲು ಹೊರಟವರು ನಿಂತು ನೋಡಿದರು.

"ಆಯ್ತು ಬುಡು. ಇಟ್ಬುಡ್ತೀನಿ" ಅಂದಳು. ಇಟ್ಟುಬಿಟ್ಟಳು.

ಜಗಳದ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ, ನನಗೆ ಮರ್ಯಾದೆ ತರುವ ಕಥೆಯಲ್ಲ. ನಮ್ಮಪ್ಪನಿಂದ ಬಂದದ್ದು ನಾಲೆ ಬಯಲಿನ ಒಂದೂವರೆ ಎಕರೆ. ಅಕ್ಕನನ್ನು ಕೊಟ್ಟಿದ್ದು ಭದ್ರಾವತಿಗೆ. ಭಾವ ಅಲ್ಲಿ 1923ರಲ್ಲಿ ಕುಲುಮೆ ಹೊತ್ತಿಸಿಕೊಂಡ ಆ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಪಾಲು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ತಿದ್ದುಪಡಿ ಬಂತು. ತಿದ್ದುಪಡಿಯ ಹೊತ್ತಿಗೆ ತಂದೆ ಬದುಕಿರಲೇಬೇಕಿಲ್ಲ, ಆ ಹಕ್ಕು ಹುಟ್ಟಿನಿಂದಲೇ ಬರುವಂಥದು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಹೇಳಿತು. ಮರುವರ್ಷ ಅಕ್ಕನ ಮಗ ಬಂದು ಕೇಳಿದ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟವನು. ಸಮಾನತೆ ಎಂಬ ಪದವನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಅದೇ ನಾನು ಹಕ್ಕು ಬಿಡುಗಡೆ ಪತ್ರವನ್ನು ಟೈಪು ಮಾಡಿಸಿ, ಸಹಿ ಹಾಕುವ ಜಾಗದಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ, ಅಕ್ಕನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಅದು ಹಾಗೇ ವಾಪಸು ಬಂತು. ಅಲ್ಲಿಂದ ಮಾತು ನಿಂತಿತು. ಬಾಗಿನವೂ ನಿಂತಿತು.

ಈಗ ಅಕ್ಕ ತಾನಾಗಿ ಮಾತಾಡಿದ್ದಾಳೆ, ನಾನು ಉತ್ತರ ಕೊಡಲಿಲ್ಲ. ಅವಳ ಲೆಕ್ಕದಲ್ಲಿ ಆದದ್ದು ಇಷ್ಟೇ.

ನೀವು ಕೇಳಬಹುದು, ಬೇರೆ ಫೋನಿನಿಂದ ಮಾಡಬಾರದಿತ್ತೇ ಎಂದು. ಮಾಡಿದೆ. ಪಕ್ಕದ ಮನೆಯವರ ಫೋನಿನಿಂದ ಎರಡು ಸಲ. ಎತ್ತಲಿಲ್ಲ. ಗೊತ್ತಿಲ್ಲದ ನಂಬರು ಬಂದರೆ ಎತ್ತಬೇಡ, ಬ್ಯಾಂಕಿನ ದುಡ್ಡು ಹೋಗುತ್ತದೆ ಎಂದು ಈಗ ಎಲ್ಲ ಮನೆಗಳಲ್ಲೂ ಮೊಮ್ಮಕ್ಕಳು ಮುದುಕರಿಗೆ ಹೇಳಿಕೊಟ್ಟಿರುತ್ತಾರೆ. ಮೂರನೆಯ ಸಲ ಮಾಡಿದಾಗ ಕತ್ತರಿಸಿದಳು. ಬರೆದು ಕಳಿಸೋಣವೆಂದರೆ ಅವಳಿಗೆ ಓದು ಬರದು. ಬೆಂಗಳೂರಿನಲ್ಲಿರುವ ನನ್ನ ಮಗನಿಂದ ಹೇಳಿಸಬಹುದಿತ್ತು; ಆದರೆ ಅವನು ಮೊದಲಿನಿಂದಲೂ ಅತ್ತೆಯ ಕಡೆ, ನಡುವೆ ಬರಬೇಡ ಎಂದು ಬೈದವನು ನಾನೇ. ಬಸ್ಸು ಹತ್ತಿ ಭದ್ರಾವತಿಗೇ ಹೋಗಬಹುದಿತ್ತು. ಅದಕ್ಕೆ ಧೈರ್ಯ ಸಾಲಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಮುಖ ನೋಡಿ ಆಡಲಾರದ ಮಾತನ್ನು ಆಡುವುದಕ್ಕೇ ಅಲ್ಲವೆ ಫೋನು ಇರುವುದು!

ಹೀಗಾಗಿ ಆ ಫೋನೇ ಸರಿಯಾಗಬೇಕಾಗಿತ್ತು.

ನಮ್ಮ ಹೊಳಲು ಮಂಡ್ಯ ತಾಲ್ಲೂಕಿನ ದೊಡ್ಡ ಊರುಗಳಲ್ಲಿ ಒಂದು. ಹಳಗನ್ನಡದಲ್ಲಿ ಪೊೞಲ್ ಎಂದರೆ ಪಟ್ಟಣ. ಹೊಳಲ್ಕೆರೆಯ ಹೆಸರಿನಲ್ಲಿರುವುದೂ ಅದೇ ಮಾತು. ಹೆಸರಿಗೆ ಪಟ್ಟಣವಾದರೂ ಒಬ್ಬರ ಫೋನು ಕೆಟ್ಟರೆ ಊರಿಗೆಲ್ಲ ಗೊತ್ತಾಗುವಷ್ಟು ಹಳ್ಳಿಯೇ. ಎಂಟು ಗಂಟೆಯ ಹೊತ್ತಿಗೆ ಜಗಲಿಯ ಮೇಲೆ ನಾಲ್ಕು ಜನ ವೈದ್ಯರು ಸೇರಿದ್ದರು. ಒಬ್ಬರು ಅಂಗೈಗೆ ಫೋನನ್ನು ಪಟಪಟನೆ ಬಡಿದರು. ಇನ್ನೊಬ್ಬರು ಕೆಳತುದಿಗೆ ಬಾಯಿಟ್ಟು ಉಫ್ ಎಂದು ಊದಿದರು. ಮತ್ತೊಬ್ಬರು ಅಕ್ಕಿ ಡಬ್ಬದಲ್ಲಿ ಹೂತಿಡಿ ಅಂದರು. ನಾಲ್ಕನೆಯವರು ಬರೀ ನೋಡಿದರು. ಈಗ ಯೋಚಿಸಿದರೆ ಅವರೇ ಸರಿಯಾದ ವೈದ್ಯರು.

ಮೈಕು ಕೆಟ್ಟಿತೆಂದರೆ ಬಡಿಯುವುದು, ಊದುವುದು ನಮ್ಮ ಕೈಗೆ ಎಲ್ಲಿಂದ ಬಂತು? ಇತಿಹಾಸದ ಮೇಷ್ಟರಿಗೆ ಈ ರೋಗ ನಿವೃತ್ತಿಯಾದ ಮೇಲೂ ಬಿಡುವುದಿಲ್ಲ. ಅಂದು ಮಧ್ಯಾಹ್ನವೆಲ್ಲ ಇದನ್ನೇ ಯೋಚಿಸುತ್ತ ಕೂತೆ.

ಮೈಕ್ರೊಫೋನ್ ಎಂಬ ಪದವೇ ಟೆಲಿಫೋನಿಗಿಂತ ಹಳೆಯದು. ಇಂಗ್ಲೆಂಡಿನ ವೀಟ್‌ಸ್ಟನ್ 1827ರಲ್ಲಿ ಸಣ್ಣ ಸದ್ದನ್ನು ಕಿವಿಗೆ ದೊಡ್ಡದಾಗಿ ಕೇಳಿಸುವ ಒಂದು ಸಲಕರಣೆಗೆ ಆ ಹೆಸರಿಟ್ಟ. ಅದರಲ್ಲಿ ವಿದ್ಯುತ್ತಿನ ಸುಳಿವೂ ಇರಲಿಲ್ಲ. 1876ರ ಮಾರ್ಚ್ 10ರಂದು ಗ್ರಹಾಂ ಬೆಲ್ ಪಕ್ಕದ ಕೋಣೆಯಲ್ಲಿದ್ದ ತನ್ನ ಸಹಾಯಕ ವಾಟ್ಸನ್‌ನನ್ನು ತಂತಿಯ ಮೂಲಕ ಕರೆದನಲ್ಲ, ಆಗ ಅವನ ಬಾಯ ಮುಂದಿದ್ದದ್ದು ಆಮ್ಲ ಬೆರೆಸಿದ ನೀರಿನ ಬಟ್ಟಲು. ಮಾತಿಗೆ ನಡುಗುವ ಪೊರೆ, ಪೊರೆಗೆ ಅಂಟಿಸಿದ ಸೂಜಿ, ಸೂಜಿಯ ಮೊನೆ ನೀರಿನಲ್ಲಿ. ಮೊನೆ ಮೇಲೆ ಕೆಳಗೆ ಆದಂತೆ ಹರಿಯುವ ವಿದ್ಯುತ್ತು ಹೆಚ್ಚು ಕಡಿಮೆಯಾಗುತ್ತಿತ್ತು. ಬೆಲ್‌ನ ತಾಯಿಗೂ ಹೆಂಡತಿಗೂ ಕಿವಿ ಕೇಳುತ್ತಿರಲಿಲ್ಲ ಎಂಬುದನ್ನು ನಾನು ಮಕ್ಕಳಿಗೆ ಪಾಠದಲ್ಲಿ ಬಿಡದೆ ಹೇಳುತ್ತಿದ್ದೆ. ಮನೆಯಲ್ಲಿ ಆಡಿದ ಮಾತು ಮನೆಯವರಿಗೇ ತಲುಪದಿದ್ದಾಗ ಮನುಷ್ಯ ಊರಾಚೆಗೆ ಮಾತು ಕಳಿಸುವ ದಾರಿ ಕಂಡುಹಿಡಿದ.

ಆ ನೀರಿನ ಬಟ್ಟಲು ಮನೆಮನೆಗೆ ಹೋಗುವ ವಸ್ತುವಲ್ಲ. 1877ರಲ್ಲಿ ಎಡಿಸನ್ ಇದ್ದಿಲನ್ನು ಹಿಡಿದ. ಅದೇ ವರ್ಷ ಎಮಿಲ್ ಬರ್ಲಿನರ್ ಎಂಬವನೂ ಅದೇ ಹಾದಿಯಲ್ಲಿದ್ದ. ಇಬ್ಬರಿಗೂ ಪೇಟೆಂಟಿನ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಎಡಿಸನ್‌ಗೂ ಕಿವಿ ಮಂದ. ಮರುವರ್ಷ ಲಂಡನ್ನಿನ ಡೇವಿಡ್ ಹ್ಯೂಸ್ ಸಡಿಲವಾಗಿ ತಾಗುವ ಇದ್ದಿಲ ಕಡ್ಡಿಗಳು ಸದ್ದನ್ನು ಹೇಗೆ ಹಿಡಿಯುತ್ತವೆ ಎಂದು ತೋರಿಸಿ, ವೀಟ್‌ಸ್ಟನ್‌ನ ಹಳೆಯ ಹೆಸರನ್ನು ಅದಕ್ಕಿಟ್ಟು, ಪೇಟೆಂಟನ್ನೇ ತೆಗೆದುಕೊಳ್ಳದೆ ಜನಕ್ಕೆ ಬಿಟ್ಟುಕೊಟ್ಟ. ಅದೇ 1878ರಲ್ಲಿ ಹನಿಂಗ್ಸ್ ಎಂಬ ಒಬ್ಬ ಇಂಗ್ಲಿಷ್ ಪಾದ್ರಿ ಇದ್ದಿಲನ್ನು ಹರಳು ಮಾಡಿ ತುಂಬಿದ. ಎರಡು ತಟ್ಟೆಗಳ ನಡುವೆ ಇದ್ದಿಲ ನುಚ್ಚು. ಮಾತಿನ ಒತ್ತಡಕ್ಕೆ ನುಚ್ಚು ಅದುಮಿಕೊಂಡರೆ ವಿದ್ಯುತ್ತು ಹೆಚ್ಚು ಹರಿಯುತ್ತದೆ, ಸಡಿಲವಾದರೆ ಕಡಿಮೆ. ನೂರು ವರ್ಷ ಜಗತ್ತಿನ ಟೆಲಿಫೋನುಗಳು ಮಾತಾಡಿದ್ದು ಬಹುಪಾಲು ಈ ನುಚ್ಚಿನಿಂದಲೇ. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐ.ಟಿ.ಐ. ಕಾರ್ಖಾನೆಯ ಆ ಭಾರವಾದ ಕರಿಯ ಫೋನುಗಳ ಬಾಯಲ್ಲಿದ್ದದ್ದೂ ಇದೇ ಇದ್ದಿಲ ಗುಂಡಿ.

ಈ ನುಚ್ಚಿಗೆ ಒಂದು ದೋಷ. ತೇವ ತಗುಲಿದರೆ, ಬಹುಕಾಲ ಒಂದೇ ಭಂಗಿಯಲ್ಲಿದ್ದರೆ, ಅದು ಬೆಲ್ಲದ ಪುಡಿಯ ಹಾಗೆ ಹೆಪ್ಪುಗಟ್ಟುತ್ತದೆ. ಆಗ ಮಾತು ಆಚೆಗೆ ಹೋಗುವುದಿಲ್ಲ. ಮದ್ದು ಏನೆಂದರೆ ಫೋನಿನ ಹಿಡಿಯನ್ನು ಮೇಜಿಗೆ ಮೆಲ್ಲಗೆ ಬಡಿಯುವುದು! ಹೆಪ್ಪು ಒಡೆದು ನುಚ್ಚು ಮತ್ತೆ ಸಡಿಲವಾಗುತ್ತದೆ. ನಮ್ಮ ಜಗಲಿಯ ವೈದ್ಯರು ದಡ್ಡರಲ್ಲ ನೋಡಿ. ಅವರ ಕೈಗೆ ನೆನಪಿದ್ದದ್ದು ಹಳೆಯ ಕಾಯಿಲೆಯ ಸರಿಯಾದ ಮದ್ದು. ಕಾಯಿಲೆ ಬದಲಾಗಿತ್ತು ಅಷ್ಟೆ.

ಇದನ್ನು ಯೋಚಿಸುವಾಗ ನನಗೆ 1983 ನೆನಪಾಯಿತು. ಅಪ್ಪ ಹೋದ ದಿನ. ಹೊಳಲಿನಿಂದ ಸೈಕಲ್ಲು ತುಳಿದುಕೊಂಡು ಮಂಡ್ಯಕ್ಕೆ ಹೋಗಿ ಭದ್ರಾವತಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಬೆಂಚಿನ ಮೇಲೆ ಕೂತಿದ್ದೆ. ಎರಡು ಗಂಟೆಯ ಮೇಲೆ ಲೈನು ಸಿಕ್ಕಿತು. ಕಾರ್ಖಾನೆಯವರು ಯಾರನ್ನೋ ಕಳಿಸಿ ಕ್ವಾರ್ಟರ್ಸಿನಿಂದ ಅಕ್ಕನನ್ನು ಕರೆಸಿದ್ದರು. ನಾನು ಕಿರುಚಿದೆ. ಅವಳಿಗೆ ಕೇಳಲಿಲ್ಲ. ಹಿಡಿಯನ್ನು ಬಡಿದು ಮತ್ತೆ ಕಿರುಚಿದೆ. "ಏನು? ಏನಂದೆ?" ಎನ್ನುವುದು ಮಾತ್ರ ದೂರದಿಂದ ಬರುತ್ತಿತ್ತು. ಕೊನೆಗೆ ನಡುವೆ ಎಲ್ಲೋ ಲೈನಿನ ಮೇಲಿದ್ದ ಆಪರೇಟರಮ್ಮ ಮೆಲ್ಲಗೆ, "ತಂಗೀ, ನಿಮ್ಮ ತಂದೆಯವರು ಹೋಗಿಬಿಟ್ಟರಂತೆ, ನಿಮ್ಮ ತಮ್ಮ ಹೇಳುತ್ತಿದ್ದಾರೆ" ಅಂದರು. ಅಪ್ಪ ಹೋದ ಸುದ್ದಿ ಅಕ್ಕನಿಗೆ ಮುಟ್ಟಿದ್ದು ಹೆಸರು ಗೊತ್ತಿಲ್ಲದ ಒಬ್ಬ ಹೆಂಗಸಿನ ದನಿಯಲ್ಲಿ. ಆ ಅಮ್ಮನನ್ನು ನಾನು ಕಂಡಿಲ್ಲ, ಮರೆತೂ ಇಲ್ಲ.

ಅದಾಗಿ ಮೂರು ವರ್ಷಕ್ಕೆ, 1986ರಲ್ಲಿ, ಸಿ-ಡಾಟ್ ಸಂಸ್ಥೆ ರೂಪಿಸಿದ ಹಳ್ಳಿಗಾಡಿನ ಸಣ್ಣ ಎಕ್ಸ್‌ಚೇಂಜು ಮೊದಲು ನೆಲೆಗೊಂಡದ್ದು ನಮ್ಮ ರಾಜ್ಯದ ಕಿತ್ತೂರಿನಲ್ಲಿ. ಧೂಳು, ಸೆಕೆ ತಡೆದುಕೊಳ್ಳುವ, ತಂಪು ಮಾಡುವ ಯಂತ್ರ ಬೇಡದ, 128 ಲೈನಿನ ಪೆಟ್ಟಿಗೆ. ಆಮೇಲೆ ಹಳದಿ ಬೋರ್ಡಿನ ಎಸ್.ಟಿ.ಡಿ. ಬೂತುಗಳು ಬಂದವು, 1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ಕಲ್ಕತ್ತೆಯಿಂದ ದೆಹಲಿಗೆ ಹೋಯಿತು. ನಡುವಿನ ಆಪರೇಟರಮ್ಮ ಇಲ್ಲವಾದರು. ಈಗ ಮಾತು ನಿಂತರೆ ನಮ್ಮ ಪರವಾಗಿ ಮೆಲ್ಲಗೆ ಹೇಳುವವರು ಯಾರೂ ಇಲ್ಲ.

ಇನ್ನು ಊದುವ ಅಭ್ಯಾಸ. ಅದು ಫೋನಿನಿಂದ ಬಂದದ್ದಲ್ಲ, ನಾಟಕದಿಂದ ಬಂದದ್ದು.

ಮಂಡ್ಯ ಸೀಮೆಯಲ್ಲಿ ಪೌರಾಣಿಕ ನಾಟಕದ ಹುಚ್ಚು ಎಂಥದೆಂದು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಸುಗ್ಗಿ ಮುಗಿಯಿತೆಂದರೆ ಊರಿಗೊಂದು ಕುರುಕ್ಷೇತ್ರ. ಹಗಲು ಕಬ್ಬು ಕಡಿದವನು ರಾತ್ರಿ ಕಿರೀಟ ಇಟ್ಟುಕೊಂಡು ಕರ್ಣನಾಗುತ್ತಾನೆ. ನಮ್ಮಪ್ಪ ದುರ್ಯೋಧನನ ಪಾತ್ರ ಹಾಕುತ್ತಿದ್ದರು. ಅವರ ಕಾಲದವರ ಗಂಟಲು ಮೈಕಿಲ್ಲದೆ ಪಳಗಿದ್ದು. ಹಾರ್ಮೋನಿಯಂ ಮೇಷ್ಟ್ರು ಮೇಲಿನ ಶ್ರುತಿ ಹಿಡಿದರೆ ಕೊನೆಯ ಸಾಲಿನ ಆಚೆ ಗಾಡಿಯ ಮೇಲೆ ಮಲಗಿದವರಿಗೂ ಹಾಡು ಕೇಳಬೇಕು. ಪಾತ್ರ ಕಟ್ಟುವುದು ಎಂದರೆ ಮೊದಲು ದನಿ ಕಟ್ಟುವುದು.

ನಾನು ಐದನೆಯ ಕ್ಲಾಸಿನಲ್ಲಿದ್ದಾಗ ನಮ್ಮೂರ ನಾಟಕಕ್ಕೆ ಮಂಡ್ಯದಿಂದ ಮೈಕ್ ಸೆಟ್ಟು ಬಂತು. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ನಮ್ಮ ಮಳವಳ್ಳಿ ತಾಲ್ಲೂಕಿನ ನೆಲದಿಂದ ಹೊರಟು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ಸುತ್ತಲ ಹಳ್ಳಿಗಳ ಸರದಿ ಬಂದದ್ದು ಬಹಳ ತಡವಾಗಿ. ಹಾಗಾಗಿ ಆ ಮೈಕ್ ಸೆಟ್ಟು ಲಾರಿಯ ಬ್ಯಾಟರಿಯ ಮೇಲೆ ಓಡುವಂಥದು. ನಮ್ಮ ಕಡೆ ಮೈಕು ಎಂದರೆ ಮಾತನ್ನು ಹಿಡಿಯುವ ಆ ಸಣ್ಣ ಗುಂಡಲ್ಲ, ಮರದ ಮೇಲೆ ಕಟ್ಟುವ ಹೂವಿನಂಥ ದೊಡ್ಡ ಕೊಂಬು. ಹಿಡಿಯುವ ಗುಂಡನ್ನು ರಂಗದ ಮೇಲಿಂದ ಹಗ್ಗ ಕಟ್ಟಿ ಇಳಿಬಿಟ್ಟಿದ್ದರು. ಮೈಕಿನ ಹುಡುಗ ಬಂದು ಅದಕ್ಕೆ ಉಫ್ ಎಂದು ಊದಿ, ಬೆರಳಿನಿಂದ ತಟ್ಟಿ, "ಹಲೋ ಮೈಕ್ ಟೆಸ್ಟಿಂಗ್" ಎಂದ. ಊರ ಮಕ್ಕಳೆಲ್ಲ ಅದನ್ನು ಕಲಿತೆವು. ತೀರ ತೆಳುವಾದ ಲೋಹದ ಪಟ್ಟಿಯಿರುವ ರಿಬ್ಬನ್ ಮೈಕುಗಳಿಗೆ ಹಾಗೆ ಊದಿದರೆ ಪಟ್ಟಿಯೇ ಹರಿಯಬಹುದು. ಆ ಹುಡುಗನಿಗೆ ಅದು ಗೊತ್ತಿದ್ದಿರಲಾರದು, ನಮಗಂತೂ ಗೊತ್ತಿರಲಿಲ್ಲ.

ಅಕ್ಕನೂ ನಾನೂ ರಂಗದ ಕೆಳಗೆ ಚಾಪೆ ಹಾಸಿಕೊಂಡು ಕೂತಿದ್ದೆವು. ಅಪ್ಪ ಬಂದರು. ಎಂದಿನ ಗಂಟಲಿನಲ್ಲೇ ಎತ್ತಿದರು. ಕೊಂಬು ಕಿರ್ ಎಂದು ಕಿವಿ ಹರಿಯುವ ಹಾಗೆ ಚೀರಿತು. ಜನ ನಕ್ಕರು. ಅಪ್ಪ ಅರ್ಧಕ್ಕೆ ನಿಲ್ಲಿಸಿ ಮೇಲೆ ತೂಗುತ್ತಿದ್ದ ಗುಂಡನ್ನು ದಿಟ್ಟಿಸಿದರು. ಮತ್ತೆ ಎತ್ತಿದರು, ಮತ್ತೆ ಚೀರಿತು. ಅವರ ಮುಖದ ಬಣ್ಣ ಬೆವರಿಗೆ ಇಳಿಯುತ್ತಿತ್ತು. ಅಷ್ಟರಲ್ಲಿ ಬ್ಯಾಟರಿಯ ತಂತಿ ಕಳಚಿತೋ ಏನೋ, ಕೊಂಬು ಪೂರ್ತಿ ಸತ್ತುಹೋಯಿತು. ಅಪ್ಪ ಎರಡು ಹೆಜ್ಜೆ ಮುಂದೆ ಬಂದು, ಕಂದ ಪದ್ಯವನ್ನು ಮೊದಲಿನಿಂದ ಎತ್ತಿಕೊಂಡರು. ಒಂದು ಕೆಮ್ಮೂ ಇಲ್ಲದೆ ಜನ ಕೇಳಿದರು. ಅಕ್ಕ ನನ್ನ ತೊಡೆ ಚಿವುಟಿ, "ಅಪ್ಪಂಗೆ ಮೈಕು ಬ್ಯಾಡ ಕನ್ಲಾ" ಅಂದಳು. ಆಗ ಅವಳಿಗೆ ಹದಿಮೂರೋ ಹದಿನಾಲ್ಕೋ.

ಮೈಕು ಮನುಷ್ಯನ ಮಾತಿನ ರೀತಿಯನ್ನೇ ಬದಲಾಯಿಸಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರುಮಾಡಿದರು. ಅದಕ್ಕೆ ಇಟ್ಟ ಹೆಸರು ಆಕಾಶವಾಣಿ. ಆ ಮೈಸೂರಿನ ಹೆಸರೇ 1950ರ ದಶಕದಲ್ಲಿ ಇಡೀ ದೇಶದ ರೇಡಿಯೋಗೆ ಬಂತು. ಮನಶ್ಶಾಸ್ತ್ರದವರು ರೇಡಿಯೋ ಕಟ್ಟಿದ್ದು ಆಕಸ್ಮಿಕವಲ್ಲ ಎಂದು ನನಗೆ ಅನ್ನಿಸುವುದುಂಟು. ಸಭೆಯಲ್ಲಿ ಸಾವಿರ ಜನರಿಗೆ ಕೂಗಿ ಹೇಳುವುದು ಬೇರೆ, ಮೈಕಿನ ಮುಂದೆ ಮೆಲುದನಿಯಲ್ಲಿ ಒಬ್ಬರಿಗೇ ಹೇಳಿದಂತೆ ಹೇಳುವುದು ಬೇರೆ. ಎರಡನೆಯದನ್ನು ನಮ್ಮಪ್ಪ ಕೊನೆಯವರೆಗೂ ಕಲಿಯಲಿಲ್ಲ. ನಾನೂ ಅಷ್ಟಾಗಿ ಕಲಿಯಲಿಲ್ಲ.

ಅಂದು ಸಂಜೆ ನಾನು ಮಾಡಿದ ಕೆಲಸವನ್ನು ಹೇಳಬೇಕು. ಫೋನಿನ ಕೆಳಅಂಚಿನಲ್ಲಿ, ಚಾರ್ಜರು ಚುಚ್ಚುವ ಬಾಯಿಯ ಪಕ್ಕ, ಸೂಜಿಯ ಕಣ್ಣಿನಷ್ಟು ಒಂದು ತೂತು ಇರುತ್ತದೆ. ಕನ್ನಡಕ ಹಾಕಿಕೊಂಡು ನೋಡಿದೆ. ಏನೋ ಕಟ್ಟಿಕೊಂಡಂತಿತ್ತು. ಫೋನು ಸದಾ ನನ್ನ ಅಂಗಿಯ ಜೇಬಿನಲ್ಲಿ, ಅದೇ ಜೇಬಿನಲ್ಲಿ ಅಡಕೆ ಚೂರು, ಬಸ್ಸಿನ ಟಿಕೆಟ್ಟು, ಹಿಂದಿನ ವಾರ ಆಲೆಮನೆಗೆ ಹೋದಾಗ ಇಟ್ಟುಕೊಂಡ ಬೆಲ್ಲದ ಉಂಡೆಯ ಪುಡಿ. ಒಂದು ಪಿನ್ನು ತಂದು ಆ ತೂತಿಗೆ ಚುಚ್ಚಿ ತಿರುಗಿಸಿದೆ. ಟಿಕ್ ಎಂದು ಏನೋ ಮುರಿದಂತಾಯಿತು. ಕೊಳೆ ಒಡೆಯಿತು ಎಂದು ಸಂತೋಷಪಟ್ಟೆ.

ಮಾರನೆಯ ದಿನ ಬೆಳಿಗ್ಗೆಯ ಬಸ್ಸಿಗೇ ಮಂಡ್ಯಕ್ಕೆ ಹೋದೆ. ನೂರಡಿ ರಸ್ತೆಯ ಆಸುಪಾಸಿನಲ್ಲಿ ಫೋನು ರಿಪೇರಿಯ ಒಂದು ಸಣ್ಣ ಅಂಗಡಿ. ಒಳಗೆ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. ಹಣೆಗೆ ವಿಭೂತಿ, ಮುಂದೆ ಸೂಕ್ಷ್ಮದರ್ಶಕ. ನಾನು ಬಂದ ಕೂಡಲೇ ಬಿಚ್ಚಲಿಲ್ಲ. ಒಳ್ಳೆಯ ವೈದ್ಯನ ಹಾಗೆ ಮೊದಲು ಪ್ರಶ್ನೆ ಕೇಳಿದ. ಬ್ಲೂಟೂತಿನಲ್ಲಿ ಬೇರೆ ಏನಾದರೂ ಜೋಡಿಸಿದ್ದೀರಾ? ಮನೆಯ ಇನ್ನೊಂದು ಕೋಣೆಯಲ್ಲಿ ಬಿದ್ದಿರುವ ಇಯರ್‌ಫೋನಿಗೆ ಅದು ಜೋಡಿಕೊಂಡಿದ್ದರೆ ಫೋನು ತನ್ನ ಕಿವಿ ಮುಚ್ಚಿ ಅದರ ಕಿವಿಯಿಂದ ಕೇಳುತ್ತಿರುತ್ತದಂತೆ. ಇಲ್ಲ ಅಂದೆ. ಆರಿಸಿ ಹೊತ್ತಿಸಿದ. ಯಾವ ಆ್ಯಪಿಗೆ ಮೈಕಿನ ಅನುಮತಿ ಇದೆ, ಯಾವುದಕ್ಕಿಲ್ಲ ಎಂದು ಸೆಟ್ಟಿಂಗ್ಸಿನಲ್ಲಿ ನೋಡಿದ. ಮೇಲಿನ ರಬ್ಬರು ಕವಚ ಕಳಚಿದ. ಅಗ್ಗದ ಕವಚದ ತೂತು ಫೋನಿನ ತೂತಿಗೆ ಕೂಡದೆ ದನಿ ಮುಚ್ಚಿಹೋಗುವುದುಂಟು. ಆಮೇಲೆ ರೆಕಾರ್ಡರು ತೆರೆದು ಮಾತಾಡಿದ. ಗೊರಗೊರ ಬಿಟ್ಟರೆ ಏನೂ ಇಲ್ಲ. ವೀಡಿಯೋ ಮಾಡಿದ, ಅದರಲ್ಲಿ ಅವನ ಮಾತು ಚೊಕ್ಕವಾಗಿ ಬಂದಿತ್ತು.

"ಮೇಲಿನ ಮೈಕ್ ಚೆನ್ನಾಗಿದೆ ಸಾರ್. ಕೆಳಗಿಂದು ಹೋಗಿದೆ" ಅಂದ.

ನನಗೆ ಗೊತ್ತಿರಲಿಲ್ಲ. ಈಗಿನ ಫೋನಿಗೆ ಒಂದಲ್ಲ, ಎರಡೋ ಮೂರೋ ಕಿವಿ. ಕೆಳಗಿನದು ಬಾಯಿಯ ಹತ್ತಿರದ್ದು, ಕಿವಿಗಿಟ್ಟು ಮಾತಾಡುವಾಗ ಮಾತನ್ನು ಹಿಡಿಯುವುದು ಅದು. ಮೇಲಿನದು ಸುತ್ತಲ ಗದ್ದಲವನ್ನು ಕೇಳಿಸಿಕೊಂಡು ಅದನ್ನು ಮಾತಿನಿಂದ ಕಳೆಯುವುದಕ್ಕೆ, ವೀಡಿಯೋಗೆ, ಕೆಲವು ಫೋನುಗಳಲ್ಲಿ ಸ್ಪೀಕರ್ ಹಾಕಿ ಮಾತಾಡುವುದಕ್ಕೆ.

ಹುಡುಗ ಕೆಳಭಾಗವನ್ನು ಬಿಸಿಮಾಡಿ ಹಿಂಬದಿ ಬಿಚ್ಚಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನನ್ನನ್ನು ಕರೆದು ತೋರಿಸಿದ. ಚಾರ್ಜರಿನ ಬಾಯಿ ಕೂತಿರುವ ಪುಟ್ಟ ಹಸಿರು ಹಲಗೆಯ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಲೋಹದ ಪೆಟ್ಟಿಗೆ. ಅದೇ ಮೈಕು. ನಾಟಕದ ರಂಗದಲ್ಲಿ ಹಗ್ಗ ಕಟ್ಟಿ ತೂಗಿಬಿಟ್ಟಿದ್ದ ಗುಂಡಿನ ಮರಿಮಗ.

ಈ ವಂಶಾವಳಿಯನ್ನೂ ಹೇಳಿಬಿಡುತ್ತೇನೆ. ಇದ್ದಿಲ ನುಚ್ಚಿನ ಮಾತು ಗೊರಗೊರ. 1916ರಲ್ಲಿ ಅಮೆರಿಕದ ವೆಂಟೆ ಎಂಬವನು ಇದ್ದಿಲನ್ನು ಬಿಟ್ಟು, ಬಿಗಿದ ಪೊರೆ ಮತ್ತು ಅದರ ಹಿಂದೆ ಕೂದಲೆಳೆಯ ಅಂತರದಲ್ಲಿ ಒಂದು ತಟ್ಟೆ ಇಟ್ಟ. ಪೊರೆ ನಡುಗಿದರೆ ಅಂತರ ಬದಲಾಗಿ ಅದರ ವಿದ್ಯುತ್ತಿನ ಹಿಡಿತ ಬದಲಾಗುತ್ತದೆ. ದನಿ ಸೊಗಸು, ಆದರೆ ಅದಕ್ಕೆ ಹೊರಗಿನಿಂದ ಹೆಚ್ಚಿನ ವೋಲ್ಟೇಜು ಕೊಡುತ್ತಲೇ ಇರಬೇಕು. 1962ರಲ್ಲಿ ಬೆಲ್ ಪ್ರಯೋಗಶಾಲೆಯ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ತೆಳುವಾದ ಪ್ಲಾಸ್ಟಿಕ್ ಹಾಳೆಗೆ ವರ್ಷಗಟ್ಟಲೆ ಆರದ ವಿದ್ಯುದಾವೇಶವನ್ನು ಒಮ್ಮೆಗೇ ತುಂಬಿಸಿಟ್ಟರು. ಮೈಕು ಅಗ್ಗವಾಯಿತು, ಟೇಪ್ ರೆಕಾರ್ಡರಿಗೆ, ಕಿವಿಯ ಯಂತ್ರಕ್ಕೆ, ಮೊಬೈಲಿಗೆ ಬಂತು. 2000ದ ದಶಕದ ಆರಂಭದಲ್ಲಿ ಅದನ್ನೇ ಸಿಲಿಕಾನ್ ಚಿಪ್ಪಿನ ಮೇಲೆ ಕೊರೆದು ಮಾಡಿದ್ದು ಮಾರುಕಟ್ಟೆಗೆ ಬಂತು. ಅದರ ಪೊರೆಯ ಅಗಲ ಸುಮಾರು ಒಂದು ಮಿಲಿಮೀಟರು, ದಪ್ಪ ತಲೆಗೂದಲಿನ ಎಷ್ಟನೆಯ ಪಾಲೋ.

ಆ ಪೊರೆಗೆ ನಾನು ಪಿನ್ನು ಚುಚ್ಚಿದ್ದೆ.

"ಮೊದ್ಲು ಬರೀ ಧೂಳು ಕಟ್ಟಿತ್ತು ಸಾರ್" ಎಂದ ಹುಡುಗ. "ಬೆಲ್ಲ ಏನಾರ ಬಿದ್ದಿತ್ತಾ? ಮೆತ್ತನೆ ಒಣ ಬ್ರಷ್ಷಿನಲ್ಲಿ ಒರೆಸಿದ್ರೆ ಸಾಕಾಗಿತ್ತು. ಸಿಮ್ ತೆಗೆಯೋ ತೂತು ಅಂತ ತಿಳ್ಕಂಡು ಇದಕ್ಕೆ ಪಿನ್ ಹಾಕೋರು ವಾರಕ್ಕೆ ಒಬ್ರಾದ್ರೂ ಬತ್ತಾರೆ. ನೀರು ಬಿದ್ರೆ ಅಕ್ಕೀಲಿ ಇಡ್ತಾರೆ, ಅಕ್ಕಿ ಧೂಳು ಇನ್ನೊಂದಿಷ್ಟು ಹೋಗಿ ಕೂತ್ಕತದೆ."

ಹಲಗೆಯನ್ನೇ ಬದಲಾಯಿಸಬೇಕು, ಬೆಂಗಳೂರಿನಿಂದ ಬರಬೇಕು, ಎರಡು ದಿನ, ಕೂಲಿ ಸೇರಿ ಏಳುನೂರು ರೂಪಾಯಿ ಎಂದ. ಎರಡು ದಿನ ಎಂದ ಕೂಡಲೇ ನನ್ನ ಮುಖ ಇಳಿದಿರಬೇಕು.

"ಅರ್ಜೆಂಟ್ ಇದ್ರೆ ಅಲ್ಲೀವರ್ಗೆ ಸ್ಪೀಕರ್ ಹಾಕ್ಕಂಡು ಮಾತಾಡಿ ಸಾರ್, ಮೇಲಿನ ಮೈಕ್ ಕೆಲ್ಸ ಮಾಡ್ತದೆ" ಅಂದ. ಫೋನನ್ನು ಮತ್ತೆ ಕೂಡಿಸಿ, ತನ್ನ ನಂಬರಿಗೇ ಕರೆ ಮಾಡಿ, ಗಾಜಿನ ಮೇಲಿನ ಗುರುತನ್ನು ಒಮ್ಮೆ ಒತ್ತಿ ತೋರಿಸಿದ. ಕೇಳಿಸುತ್ತಿತ್ತು. ಹಿಂದಿನ ದಿನ ಬೆಳಿಗ್ಗೆ ಆ ಗುರುತನ್ನು ಒಮ್ಮೆ ಒತ್ತಿದ್ದರೆ ಅಕ್ಕ ನನ್ನ ದನಿ ಕೇಳಿಸಿಕೊಳ್ಳುತ್ತಿದ್ದಳು.

ಅಂಗಡಿಯಿಂದ ಹೊರಗೆ ಬಂದೆ. ಸ್ಪೀಕರ್ ಹಾಕಿದರೆ ನಾನಾಡುವುದೂ ಅವಳಾಡುವುದೂ ಬೀದಿಗೆಲ್ಲ ಕೇಳುತ್ತದೆ. ಪಕ್ಕದಲ್ಲಿ ಟೀ ಅಂಗಡಿ, ಅದರ ಮುಂದೆ ಆಟೋದವರು, ಆಚೆ ಬದಿ ಬಸ್ಸಿಗೆ ಕಾಯುವವರು. ಒಬ್ಬಿಬ್ಬರು ನನ್ನ ಹಳೆಯ ವಿದ್ಯಾರ್ಥಿಗಳಾದರೂ ಇರದೆ ಇರುವುದಿಲ್ಲ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಮಾಡೋಣ ಎಂದುಕೊಂಡೆ. ಫೋನನ್ನು ರಿಪೇರಿಗೆ ಬಿಡಬೇಕಾದದ್ದು ಇಲ್ಲೇ. ಬಿಡದೆ ಮನೆಗೆ ಹೋದರೆ ಮತ್ತೆ ಏನೋ ಒಂದು ನೆಪ ಹುಟ್ಟುತ್ತದೆ ಎಂಬುದೂ ಗೊತ್ತಿತ್ತು. ನಾಲ್ಕು ವರ್ಷ ನಾನು ನೆಪಗಳಲ್ಲೇ ಕಳೆದಿದ್ದೆ. ಹೊಂಗೆ ಮರದ ಬುಡಕ್ಕೆ ಹೋಗಿ ಅಲ್ಲೇ ಒತ್ತಿದೆ.

ಗಂಟೆ ಹೊಡೆದುಕೊಂಡಿತು. ಎತ್ತಿದಳು. ಮಾತಾಡಲಿಲ್ಲ. ಈ ಸಲ ಸುಮ್ಮನಿರುವ ಸರದಿ ಅವಳದು.

"ಅಕ್ಕಾ, ನಿನ್ನೆ ನನ್ನ ಫೋನಿನ ಮೈಕು ಕೆಟ್ಟೋಗಿತ್ತು ಕನಕ್ಕ! ನೀನು ಆಡಿದ್ದೆಲ್ಲ ಕೇಳ್ತಾ ಇತ್ತು, ನನ್ನ ಮಾತು ಬರ್ತಿರಲಿಲ್ಲ!" ಎಂದು ಕೂಗಿದೆ. ಟ್ರಂಕ್ ಕಾಲಿನ ಕಾಲದ ಗಂಟಲು ತಾನಾಗಿಯೇ ಬಂದಿತ್ತು. ಟೀ ಅಂಗಡಿಯವರು ತಿರುಗಿದರು. ತಿರುಗಲಿ ಎಂದುಕೊಂಡೆ. "ಹಬ್ಬಕ್ಕೆ ನಾನೇ ಬಾಗಿನ ತರ್ತೀನಿ. ಆ ಕಾಗದ ಕಳಿಸಿದ್ದು ನಂದು ತಪ್ಪು. ಅದನ್ನ ಹರಿದಾಕ್ತೀನಿ. ನಿನ್ನ ಪಾಲು ನಿಂದೇ. ಅಳೆಸಿ ಕೊಡ್ತೀನಿ. ಕೇಳಿಸ್ತಾ ಅಕ್ಕಾ? ಅಕ್ಕಾ, ಕೇಳಿಸ್ತಾ?"

ಆ ಕಡೆ ಸದ್ದಿಲ್ಲ. ಮೇಲಿನ ಮೈಕೂ ಹೋಯಿತೇ ಎಂದು ಎದೆ ಧಸಕ್ಕೆಂದಿತು. ಫೋನನ್ನು ಅಂಗೈಗೆ ಬಡಿಯಲು ಎತ್ತಿದೆ.

"ಯಾಕ್ಲಾ ಹಂಗ್ ಕಿರುಚ್ಕತೀಯೆ?" ಎಂದಳು ಅಕ್ಕ. ದನಿ ಒದ್ದೆಯಾಗಿತ್ತು. "ಕೇಳ್ತಾ ಅದೆ ಕನ್ಲಾ."

ಮೊರ, ಸೀರೆ, ಅರಿಶಿನ ಕುಂಕುಮ, ಬಳೆ ಎಲ್ಲವನ್ನೂ 'ಪೇಟೆ ಬೀದಿ'ಯಲ್ಲಿ ಅಂದೇ ಕೊಂಡೆ. ಹಬ್ಬದ ಹಿಂದಿನ ದಿನ ಫೋನು ಸರಿಯಾಗಿ ಕೈಗೆ ಬಂತು. ಅದನ್ನು ಜೇಬಿಗೆ ಹಾಕುವ ಮುಂಚೆ ಜೇಬನ್ನು ತಿರುವಿ ಕೊಡವಿದೆ. ಅಕ್ಕನ ಆಪರೇಷನ್ನು ಚೆನ್ನಾಗಿ ಆಯಿತು. ನಾಲೆ ಬಯಲಿನ ಜಮೀನಿನ ಅಳತೆಗೆ ಅರ್ಜಿ ಕೊಟ್ಟಿದ್ದೇನೆ. ಹುಡುಗ ತೆಗೆದುಕೊಟ್ಟ ಹಳೆಯ ಹಲಗೆ ಮೇಜಿನ ಖಾನೆಯಲ್ಲಿ ವಾಪಸು ಬಂದಿದ್ದ ಆ ಕಾಗದದ ಖಾಲಿ ಲಕೋಟೆಯೊಳಗಿದೆ.